ನುಜ್ಹತ ಟೀಚರ್ ತಂದ ಹಾರ್ಡ್ ಡಿಸ್ಕ್

ಸುರಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಂಬ್ರಪ್ಪನಿಗೆ ಬೋನಾಳ ಕೆರೆಯ ಹಕ್ಕಿಗಳ ಫೋಟೊ ತೆಗೆಯುವುದು ಹನ್ನೆರಡು ವರ್ಷದ ಹುಚ್ಚು. ಆದರೆ ಈಗ ಹಕ್ಕಿಯ ಮಾತು ಬಂದರೆ ಊರ ಜನ ಹೇಳುವುದು ನುಜ್ಹತಳ ಹೆಸರು. ದೇವಾಪುರದ ಶಾಲೆಯಲ್ಲಿ ವಿಜ್ಞಾನ ಕಲಿಸುವ ಆಕೆ ಕ್ಯಾಮೆರಾ ಹಿಡಿದು ಬರೀ ಐದು ವರ್ಷ. ಆಗಲೇ ಯಾದಗಿರಿಯಲ್ಲಿ ಆಕೆಯ ಫೋಟೊಗಳ ಪ್ರದರ್ಶನ. ಆಮಂತ್ರಣ ಕೈಗೆ ಬಂದ ದಿನ ಅಂಬ್ರಪ್ಪ ಅದನ್ನು ಅರ್ಧ ಓದಿ ಮಡಚಿ ಹಳೇ ಕೀಬೋರ್ಡುಗಳ ಕೆಳಗೆ ತುರುಕಿದ.

ಅಂಥಾಕೆಯೇ ಒಂದು ಬೆಳಿಗ್ಗೆ ಬಂದು ಹಾರ್ಡ್ ಡಿಸ್ಕನ್ನು ಅವನ ಮುಂದಿಟ್ಟಳು.

“ಕಂಪ್ಯೂಟರಿಗೆ ಹಚ್ಚಿದ್ರ ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳ್ತದರಿ ಅಣ್ಣಾರ. ನಾ ಏನೂ ಒತ್ತಿಲ್ಲ. ಐದು ವರ್ಷದ ಫೋಟೊ ಎಲ್ಲಾ ಇದರಾಗೇ ಐತಿ.”

“ಇಟ್ಟು ಹೋಗ್ರಿ ಟೀಚರ್, ನೋಡ್ತೀನಿ.”

ಮೊದಲು ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಡೆ ಕಾಪಿ ಮಾಡಿಕೊಳ್ಳಬೇಕು, ಎರರ್ ಸರಿಪಡಿಸುವುದು ಆಮೇಲಿನ ಮಾತು. ಯಾವ ಗಿರಾಕಿಯ ಡಿಸ್ಕಿಗೂ ಅಂಬ್ರಪ್ಪ ಈ ಕ್ರಮ ತಪ್ಪಿಸಿದವನಲ್ಲ. ಅಂದು ತಪ್ಪಿಸಿದ. ಆಕೆಯ ಫೋಟೊಗಳು ಅಳಿಸಿ ಹೋದರೆ ಹೋಗಲಿ ಎಂದುಕೊಂಡೇ ನೇರ ರಿಪೇರಿಗೆ ಹಚ್ಚಿದ.

ಒಂದು ತಾಸಿನ ಮೇಲೆ ಡಿಸ್ಕ್ ತೆರೆದುಕೊಂಡಿತು. ಹಕ್ಕಿಯ ಹೆಸರು, ಜಾಗ ಬರೆದಿದ್ದ ಫೋಲ್ಡರುಗಳು ಒಂದೂ ಉಳಿದಿರಲಿಲ್ಲ. ಬರೀ ಅಂಕಿ ಹೊತ್ತ ನಾಲ್ಕು ಸಾವಿರ ಫೈಲುಗಳು ಒಂದೇ ಕಡೆ ಸುರಿದುಕೊಂಡಿದ್ದವು. ಕೆಲವನ್ನು ತೆರೆದು ನೋಡಿದ. ಒಂದರಲ್ಲಿ ದೇವನಕ್ಕಿ. ಗಂಡು ಹಕ್ಕಿ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಕೆರೆಯಲ್ಲಿ ತೇಲುವ ಎಲೆಗಳ ಮೇಲೆ ನಡೆಯುತ್ತಿದೆ, ಮರಿಗಳ ಉದ್ದನೆಯ ಕಾಲುಗಳಷ್ಟೇ ಹೊರಗೆ ಜೋತಾಡುತ್ತಿವೆ. ಇದೊಂದು ಚಿತ್ರಕ್ಕಾಗಿ ಅಂಬ್ರಪ್ಪ ಮೂರು ಮಳೆಗಾಲ ಕೆಸರಲ್ಲಿ ಕೂತು ಬರಿಗೈಲಿ ಬಂದಿದ್ದ.

ಅಳಿಸುವ ಗುಂಡಿಯ ಮೇಲೆ ಬೆರಳು ಹೋಯಿತು. ಇದು ಸಿಗಲಿಲ್ಲ ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಕಣ್ಣು ತನ್ನಷ್ಟಕ್ಕೇ ಆ ಕಾಲುಗಳನ್ನು ಎಣಿಸತೊಡಗಿತು. ಆರು, ಅಂದರೆ ಮೂರು ಮರಿ. ಬೆರಳು ತೆಗೆದ.

ಸಂಜೆ ಆಕೆ ಬಂದಾಗ ನೆಲ ನೋಡುತ್ತಲೇ ಹೇಳಿದ: “ಫೋಟೊ ಅದಾವ, ಹೆಸರು ಜಾಗ ಎಲ್ಲಾ ಅಳಿಸಿ ಹೋಗ್ಯಾವ. ಮೊದಲ ಕಾಪಿ ತಗೋಬೇಕಾಗಿತ್ರಿ. ಮರ್ತಿದ್ದಲ್ಲ, ಬೇಕಂತನ ಬಿಟ್ಟೆ. ನಿಮ್ಮ ಮ್ಯಾಲ ಹೊಟ್ಟಿಕಿಚ್ಚಿತ್ತು.”

ನುಜ್ಹತ ಸ್ಕ್ರೀನನ್ನು ತನ್ನ ಕಡೆ ತಿರುಗಿಸಿ ಅಂಕಿಗಳ ಸಾಲನ್ನು ಕೆಳಗಿನವರೆಗೂ ನೋಡಿದಳು.

“ನಿಮ್ಮನ್ನ ನಂಬಿ ತಂದಿದ್ದೆ,” ಎಂದಳು ಕೊನೆಗೆ. “ಪ್ರದರ್ಶನಕ್ಕ ಹತ್ತು ದಿನ ಐತಿ. ಇಷ್ಟೂ ಫೈಲಿಗೆ ಹೆಸರು ಹಚ್ಚೋದು ನನಗೊಬ್ಬಾಕಿಗೆ ಆಗಂಗಿಲ್ಲ. ನೀವ ಕುಂತು ಹಚ್ಚಬೇಕು.”

ಒಂಬತ್ತು ದಿನ ಶಾಲೆ ಬಿಟ್ಟ ಮೇಲೆ ಆಕೆ ಬಂದು ಕೂತಳು. ಒಂದೊಂದೇ ಚಿತ್ರ ತೆರೆದು ಅವನು ಹಕ್ಕಿ ಗುರುತಿಸಿದ, ಆಕೆ ಜಾಗ ನೆನಪಿಸಿಕೊಂಡಳು. ನೂರೆಂಬತ್ತು ಫೈಲುಗಳು ಕೊನೆಗೂ ತೆರೆಯಲೇ ಇಲ್ಲ. ಅವನು ತರಿಸಿದ ಚಹಾವನ್ನು ಆಕೆ ಒಂದು ದಿನವೂ ಕುಡಿಯಲಿಲ್ಲ.

ದೇವನಕ್ಕಿಯ ಚಿತ್ರ ಬಂದಾಗ ಅವನಿಗೆ ತಡೆಯಲಾಗಲಿಲ್ಲ. “ಇದು ಹ್ಯಾಂಗ ಸಿಕ್ತರಿ?”

“ಕೆರಿ ದಂಡಿಗೆ ಎಮ್ಮಿ ಮೇಯಾಕತ್ತಿದ್ವು. ಅವುಗಳ ಹಿಂದ ಹಿಂದ ಹೋದೆ. ಹಕ್ಕಿ ಹೆದರಲಿಲ್ಲ.”

ಹನ್ನೆರಡು ವರ್ಷದಲ್ಲಿ ಇಷ್ಟು ಸಣ್ಣ ಉಪಾಯ ಅವನಿಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಆದರೂ ಹಕ್ಕಿಯ ಹೆಸರನ್ನು ತಪ್ಪಿಲ್ಲದೆ ಟೈಪ್ ಮಾಡಿ, ಕೆಳಗೆ ಆಕೆಯ ಹೆಸರು ಸೇರಿಸಿದ.

ಪ್ರದರ್ಶನ ಚೆನ್ನಾಗಿ ನಡೆಯಿತಂತೆ. ಅಂಬ್ರಪ್ಪ ಯಾದಗಿರಿಗೆ ಹೋಗಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವನಿಗಿನ್ನೂ ಬಂದಿರಲಿಲ್ಲ.