ಬಿಳಿ ಸೆರಗು, ಕೆಂಪು ಸೆರಗು

ನಮ್ಮ ಭಾವ ಮಹಾದೇವಪ್ಪನವರು ಮಾತಿನಲ್ಲಿ ಮಹಾ ಜಾಣರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅಂಥವನ ಹೆಂಡತಿಗೆ ಮಾತೇ ಇರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಚೌಡವ್ವಕ್ಕ ಅವರ ಹೆಂಡತಿ, ನನ್ನ ನೆಗೆಣ್ಣಿ. ಗಜೇಂದ್ರಗಡದ ನೇಕಾರ ಓಣಿಯಲ್ಲಿ ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಅಕ್ಕನಿಗೆ ಹಸಿವಾಗಿದೆಯೋ ಇಲ್ಲವೋ, ಭಾವನೇ ಹೇಳುತ್ತಾರೆ. ಬಳೆಗಾರ ಬಂದರೆ, "ಆಕಿಗೆ ಹಸರು ಅಂದ್ರ ಭಾಳ ಇಷ್ಟ" ಎಂದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಲ್ಲಿಂದಲೇ ಕೂಗುತ್ತಾರೆ. ಅಕ್ಕನಿಗೆ ಹಸಿರು ಕಂಡರಾಗದು. ಇರಲಿ, ದೇವರಂಥ ಮನುಷ್ಯ.

ಅಕ್ಕನ ಮುಟ್ಟು ನಿಂತು ಐದಾರು ವರ್ಷವಾಗಿತ್ತು. ಹೋದ ಚಳಿಗಾಲದಲ್ಲಿ ಬಟ್ಟೆ ಒಗೆಯುವಾಗ ಅವಳ ಲಂಗದ ಮೇಲೆ ರಕ್ತದ ಕಲೆ ಕಂಡೆ.

"ಇದೇನಕ್ಕಾ?"

"ಉಷ್ಣ ಆಗೈತಿ. ನೀ ಸುಮ್ನ ಒಗಿ."

ಈ ಉಷ್ಣ ನಮ್ಮ ಹೆಂಗಸರ ಪಾಲಿನ ದೊಡ್ಡ ಡಾಕ್ಟರು. ಕಣ್ಣು ಉರಿದರೂ ಅದೇ, ಕಾಲು ಸೆಳೆದರೂ ಅದೇ, ಫೀಸೂ ಇಲ್ಲ. ಅಕ್ಕ ಕೊತ್ತಂಬರಿ ಬೀಜದ ನೀರು ಕುಡಿದಳು, ತಂಪಿಗೆಂದು ಗಸಗಸೆ ತಿಂದಳು. ಕಲೆ ಹೆಚ್ಚುತ್ತಲೇ ಹೋಯಿತು. ಹೊಳೆಮಣ್ಣೂರಿನ ನನ್ನ ಚಿಗವ್ವ ಯಂಕವ್ವ ಹೀಗೇ ಉಷ್ಣ ಉಷ್ಣ ಎನ್ನುತ್ತಲೇ ತೀರಿಹೋಗಿದ್ದಳು. ದವಾಖಾನೆಗೆ ಎತ್ತಿಕೊಂಡು ಹೋದಾಗ ಕ್ಯಾನ್ಸರ್ ಮೈತುಂಬ ಹರಡಿತ್ತು.

"ಭಾವಗ ಹೇಳಲೇನು?" ಎಂದರೆ ಅಕ್ಕ ಕೈ ಮುಗಿದಳು. "ಅವರ ಕಿವಿಗೆ ಹಾಕಿದ್ರ ಓಣಿಗೆಲ್ಲ ಡಂಗುರ ಸಾರಿದಂಗ, ಗೌರವ್ವಾ."

ಅಷ್ಟರಲ್ಲಿ ಶಾಲೆಯಲ್ಲಿ ತಪಾಸಣೆ ಶಿಬಿರ ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇದೆಯೇ ಎಂದು ನೋಡುತ್ತಾರೆಂದು ಆಶಾ ಕಾರ್ಯಕರ್ತೆ ನಮ್ಮ ಕಿವಿಯಲ್ಲಿ ಹೇಳಿದಳು. ಮೈಕಿನ ಆಟೋದವನು ಮಾತ್ರ ಬಹಳ ಮರ್ಯಾದಸ್ಥ. ಅಂಥ ಹೊಲಸು ಮಾತನ್ನು ಬಾಯಲ್ಲಿ ಹೇಗೆ ಆಡುವುದು? "ಹೆಣ್ಣುಮಕ್ಕಳ ಆರೋಗ್ಯ, ಹೆಣ್ಣುಮಕ್ಕಳ ಆರೋಗ್ಯ" ಎಂದು ಕೂಗುತ್ತಾ ಹೋದ. ಅಕ್ಕನನ್ನು ಕಾಡಿ ಬೇಡಿ ಒಪ್ಪಿಸಿದೆ. ಹೊರಡುವಾಗ ಭಾವ ಅಂಗಿ ತೊಟ್ಟು ಮುಂದೆ ನಿಂತಿದ್ದರು. "ಆಕಿಗೆ ಡಾಕ್ಟರ್ ಮುಂದ ಮಾತಾಡಾಕ ಬರಂಗಿಲ್ಲ. ನಾ ಬರ್ತೀನಿ."

ಶಾಲೆಯಲ್ಲಿ ಹೆಂಗಸರ ಸಾಲು. ಮೇಜಿನ ಹಿಂದೆ ವಿದ್ಯಾಶ್ರೀ ಎಂಬ ನರ್ಸು, ಮಂಡ್ಯ ಕಡೆಯವಳು. ಅಕ್ಕ ಕುರ್ಚಿಯಲ್ಲಿ ಕುಳಿತಳು, ಉತ್ತರಗಳು ಅವಳ ತಲೆಯ ಮೇಲಿಂದ ಬಂದವು. ಹೆಸರು, ವಯಸ್ಸು, ಮಕ್ಕಳು ಎಲ್ಲವನ್ನೂ ಭಾವನೇ ಹೇಳಿದರು. ಕೆಲಸ ಏನೆಂದರೆ, "ಸೀರಿ ನೇಯ್ತೀವ್ರಿ" ಎಂದು ಎದೆಯುಬ್ಬಿಸಿದರು.

"ಬಿಳಿ ಸೆರಗು ಹೋಗುತ್ತಾ?" ಎಂದಳು ನರ್ಸು.

ನಾವು ಬಿಳಿ ಮುಟ್ಟು ಎನ್ನುವುದಕ್ಕೆ ಅವಳು ಪುಸ್ತಕದ ಮಾತು ಬಳಸಿದ್ದಳು. ಭಾವ ನಕ್ಕರು. "ಏ, ಬಿಳಿ ಎಲ್ಲಿ ಹೋಗ್ತೈತ್ರಿ ಸಿಸ್ಟರ್. ನಮ್ಮಲ್ಲಿ ಏನಿದ್ರೂ ಕೆಂಪ ಹೋಗೂದು."

ವಿದ್ಯಾಶ್ರೀಯ ಪೆನ್ನು ನಿಂತಿತು. "ಕೆಂಪಾ? ಎಷ್ಟು ದಿನದಿಂದ?"

"ದಿನ ಏನ್ರಿ, ನಮ್ಮ ಅಜ್ಜನ ಕಾಲದಿಂದ. ಶ್ರಾವಣದಾಗಂತೂ ಹಿಡಿಯಾಕ ಆಗಂಗಿಲ್ಲ, ಅಷ್ಟು ಹೋಗ್ತೈತಿ."

ಸಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ವಿದ್ಯಾಶ್ರೀಗೂ ಅರ್ಥವಾಯಿತು. "ನಾನು ಕೇಳಿದ್ದು ಸೀರೆಯದಲ್ಲ ಯಜಮಾನ್ರೇ. ನಿಮ್ಮ ಹೆಂಡ್ತಿ ಮೈಯಿಂದ ಬಿಳೀದು, ಕೆಂಪು ಏನಾದ್ರೂ ಹೋಗುತ್ತಾ ಅಂತ" ಎಂದು ಬಿಡಿಸಿ ಹೇಳಿದಳು.

ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಮರ್ಯಾದೆ ಹೋಯಿತಲ್ಲ, ಮನೆತನದ ಮರ್ಯಾದೆ! ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದರು. "ನಡಿ ಮನಿಗೆ. ಆಕಿಗೆ ಏನೂ ಆಗಿಲ್ರಿ, ಗಟ್ಟಿಮುಟ್ಟ ಅದಾಳ."

ನನ್ನ ಮೈಯೆಲ್ಲ ಉರಿಯಿತು. ಭಾವನೆದುರು ಬಾಯಿ ತೆರೆಯಬಾರದು ಎಂಬ ರೀತಿಯೊಂದಿದೆ ನೋಡಿ, ಅದನ್ನು ಅಂದಿಗೆ ಒಲೆಗೆ ಹಾಕೋಣವೆಂದು ಮುಂದೆ ಬಂದೆ. ಅಕ್ಕ ಅಷ್ಟರಲ್ಲಿ ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಕೈ ಬಿಡ್ರಿ" ಎಂದಳು. ಆಮೇಲೆ ನರ್ಸಿನ ಕಡೆ ತಿರುಗಿದಳು. "ನನಗ ಕೆಂಪ ಹೋಗ್ತೈತ್ರಿ. ನಾಕ್ ತಿಂಗಳಾತು."

ಯಾರೂ ನಗಲಿಲ್ಲ. ವಿದ್ಯಾಶ್ರೀ ಎದ್ದು ಬಂದು ಅಕ್ಕನನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ನೋಡುವುದು ಐದು ನಿಮಿಷವೂ ಹಿಡಿಯಲಿಲ್ಲ. ಇಷ್ಟಕ್ಕೇನಾ ನಾವು ಹೆದರಿ ಸತ್ತದ್ದು ಎಂದು ನನಗೆ ಸಿಟ್ಟೇ ಬಂತು.

ಗರ್ಭಕೋಶದ ಬಾಯಲ್ಲಿ ಗಾಯ ಕಾಣುತ್ತದೆ ಎಂದು ಗದಗಿಗೆ ಕಳಿಸಿದರು. ಅಲ್ಲಿ ಚೂರು ತೆಗೆದು ಪರೀಕ್ಷೆಗೆ ಹಾಕಿದರು. ಫಲಿತಾಂಶ ಕೇಳಲು ಹೋದ ದಿನ ಭಾವ ಬಸ್ಸಿನಲ್ಲಿ ಪಕ್ಕದವನೊಡನೆಯೂ ಮಾತಾಡಲಿಲ್ಲ. ಕಂಡಕ್ಟರ್ ಪುಣ್ಯವಂತ.

"ಕ್ಯಾನ್ಸರ್ ಐತಿ. ಆದ್ರ ಇನ್ನೂ ಶುರುವಾತಿನಾಗ ಐತಿ" ಎಂದರು ಡಾಕ್ಟರಮ್ಮ. "ಗರ್ಭಕೋಶ ತಗದ್ರ ಗುಣ ಆಗೂ ಭರವಸಾ ಭಾಳ ಐತಿ. ಇನ್ನೊಂದು ವರ್ಷ ಬಿಟ್ಟಿದ್ರ ನಾ ಈ ಮಾತ ಹೇಳ್ತಿರಲಿಲ್ಲ." ಆಮೇಲೆ ರೂಢಿಯಂತೆ ಭಾವನನ್ನು ಕೇಳಿದರು, "ಆಪರೇಷನ್‌ಗೆ ಒಪ್ಪಿಗಿ ಐತೇನ್ರಿ?"

ಭಾವ ಅಕ್ಕನ ಕಡೆ ಕೈ ಮಾಡಿದರು. "ಆಕಿ ಮೈ ಐತ್ರಿ. ಆಕಿನ್ನ ಕೇಳ್ರಿ."

"ಲಗೂ ಮಾಡ್ರಿ ಡಾಕ್ಟರ್ ಬಾಯಾರ. ನನಗ ಸಾಯಾಕ ಮನಸಿಲ್ಲ" ಎಂದಳು ಅಕ್ಕ.

ಭಾವ ಅಲ್ಲೇ ಕುಳಿತು ಅಳತೊಡಗಿದರು. ಅಕ್ಕ ಅವರನ್ನು ಸಮಾಧಾನ ಮಾಡಲಿಲ್ಲ. ಡಾಕ್ಟರಮ್ಮ ಆಪರೇಷನ್ ವಿಷಯ ಹೇಳುತ್ತಿದ್ದರು, ಅವಳು ಕೇಳಿಸಿಕೊಳ್ಳಬೇಕಿತ್ತು.