ಬೋಳು ದಿಬ್ಬದ ಗೋಧಿ

ಒಸ್ತಾಪನ ಗೋಧಿ ಎಂಥ ಚಳಿಗೂ ಜಗ್ಗುವುದಿಲ್ಲವೆಂದು ಪೊಲ್ತಾವಾ ಸೀಮೆಯಲ್ಲೆಲ್ಲ ಡಂಗುರ ಹೊಡೆದಾಗಿತ್ತು. ಜಗ್ಗುವುದಾದರೂ ಹೇಗೆ? ತಳಿ ಸಂಶೋಧನಾ ಕೇಂದ್ರದ ನಿರ್ದೇಶಕನಾದ ಆತ ಅದನ್ನು ಬಿತ್ತಿಸಿದ್ದೇ ಮರಗಳ ಸಾಲಿನ ಮರೆಯಲ್ಲಿ. ಗಾಳಿ ಹೊತ್ತು ತಂದ ಹಿಮವೆಲ್ಲ ಅಲ್ಲೇ ಮೊಣಕಾಲುದ್ದ ಬಿದ್ದು, ಪೈರು ಕಂಬಳಿ ಹೊದ್ದ ಕೂಸಿನಂತೆ ಬೆಚ್ಚಗೆ ಮಲಗುತ್ತಿತ್ತು. ಕೊರೆಯುವ ಚಳಿ ಅದರ ಬೇರನ್ನು ಮುಟ್ಟಿದ್ದೇ ಇಲ್ಲ.

ಅವನಿಗೆ ಈ ಕಸುಬು ಕಲಿಸಿದ ಸೊಲೊಮಿಯಾಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಆಕೆ ಬಿತ್ತುತ್ತಿದ್ದುದು ಅದೇ ಕೇಂದ್ರದ ಬೋಳು ದಿಬ್ಬದ ಮೇಲೆ. ಹಿಮ ಬಿದ್ದರೆ ತಾನೇ ಪೊರಕೆ ಹಿಡಿದು ಗುಡಿಸುವಳು. ಸಾಯುವ ಗಿಡ ಸಾಯಲಿ, ಉಳಿದದ್ದರ ಬೀಜ ಮತ್ತೆ ಬಿತ್ತಬೇಕು. ವರ್ಷಗಟ್ಟಲೆ ಇದೇ ಕೆಲಸ. ಆ ವಸಂತದಲ್ಲಿ ದಿಬ್ಬದ ಪೈರೆಲ್ಲ ಚಳಿಗೆ ಸತ್ತು ಒಣಗಿ, ಅಲ್ಲೊಂದು ಇಲ್ಲೊಂದು ಹಸಿರು ಗಿಡ ಉಳಿದಿತ್ತು. ಆಕೆಗೆ ಬೇಕಾದದ್ದು ಅವೇ. ಜುಲೈಗೆ ತೆನೆ ಬಲಿತಿದ್ದರೆ ಸಾಕಿತ್ತು.

ಅಷ್ಟರಲ್ಲಿ ಕೀವ್‌ನಿಂದ ಪರಿಶೀಲನಾ ತಂಡ ಬರುವ ಸುದ್ದಿ ಬಂತು. ಸತ್ತ ಪೈರು ದೊಡ್ಡವರ ಕಣ್ಣಿಗೆ ಬಿದ್ದರೆ ಕೇಂದ್ರದ ಮಾನ ಹೋಗುತ್ತದೆಂದು ಒಸ್ತಾಪನಿಗೆ ಪುಕುಪುಕು. ಸೊಲೊಮಿಯಾ ಊಟಕ್ಕೆ ಹೋದ ಹೊತ್ತು ನೋಡಿ ಟ್ರ್ಯಾಕ್ಟರ್ ಕಳಿಸಿ ದಿಬ್ಬವನ್ನು ಉತ್ತು ಹಾಕಿಸಿಬಿಟ್ಟ. ಆಕೆ ಬಂದು ನೋಡಿದರೆ ಕರಿ ಮಣ್ಣು ಬಿಟ್ಟು ಏನೂ ಇಲ್ಲ.

“ಸತ್ತಿದ್ದನ್ನ ಇಟ್ಕೊಂಡು ಏನ್ಮಾಡ್ತಿದ್ರಿ ಸೊಲೊಮಿಯಾ ಯುಖಿಮಿವ್ನಾ?” ಅಂದ ಒಸ್ತಾಪ್.

ಈ ಬೆಪ್ಪನಿಗೆ ಪಾಠ ಹೇಳಿದವಳು ತಾನೇ ಅಲ್ಲವೇ ಎಂದು ಆಕೆಗೆ ತನ್ನ ಮೇಲೂ ಅಸಹ್ಯವಾಯಿತು. ತಂಡದ ಮಹಾಶಯರು ಬೋರ್ಶ್ಟ್ ಸಾರು ಸುರಿದುಕೊಂಡು, ವೋಡ್ಕಾ ಏರಿಸಿ, ಮರದ ಮರೆಯ ಹಸಿರಿಗೆ ತಲೆದೂಗಿ ಹೋದರು. ಒಸ್ತಾಪನ ಗೋಧಿ ಸುತ್ತಲಿನ ಸಾಮೂಹಿಕ ಹೊಲಗಳಿಗೆಲ್ಲ ಹಂಚಿಕೆಯಾಯಿತು.

ಮುಂದಿನ ಚಳಿಗಾಲದಲ್ಲಿ ಹಿಮವೇ ಬೀಳಲಿಲ್ಲ. ಬರಿ ನೆಲದ ಮೇಲೆ ಚಳಿ ಕೂತುಬಿಟ್ಟಿತು. ಮಾರ್ಚ್ ಹೊತ್ತಿಗೆ ಊರೂರ ಪೈರು ಕೊಳೆತುಹೋಗಿತ್ತು. ಮಹಾಶೂರ ಒಸ್ತಾಪ್ ಟೋಪಿ ಕೈಯಲ್ಲಿ ಹಿಡಿದು ಆಕೆಯ ಬಾಗಿಲಿಗೆ ಬಂದ.

“ನಿಮ್ಮ ದಿಬ್ಬದ ಬೀಜ ಒಂದು ಹಿಡಿಯಾದ್ರೂ ಇದ್ರೆ ಕೊಡಿ. ನನ್ನ ಕುರ್ಚಿ ಹೋಗತ್ತೆ.”

ಹಿಂದಿನ ವರ್ಷಗಳ ಬೀಜ ಚೀಲದಲ್ಲಿ ಇದ್ದೇ ಇತ್ತು. ಆದರೆ ಅದು ಗಟ್ಟಿ ಕಾಳು, ಸೊರಗುವ ಕಾಳು ಎಲ್ಲ ಬೆರೆತ ಬೀಜ; ಯಾವುದು ಚಳಿ ತಡೆಯುವುದೆಂದು ಬದುಕಿ ತೋರಿಸಿದ್ದ ಆ ಹಸಿರು ಗಿಡಗಳು ಈಗ ಎಲ್ಲಿ?

ಸೊಲೊಮಿಯಾ ಮೂಲೆಯಲ್ಲಿದ್ದ ಗುದ್ದಲಿ ತೆಗೆದು ಅವನ ಕೈಗಿತ್ತಳು.

“ಹೂತಿದ್ದು ನೀನೇ ಅಲ್ವೇನೋ? ಹೋಗು, ಅಗೆದ್ಕೊ.”

ಅವನು ಮೆಟ್ಟಿಲಿಳಿದ ಮೇಲೆ ಬಾಗಿಲು ಹಾಕಿಕೊಂಡು ಗೋಳೋ ಎಂದು ಅತ್ತಳು.