ಝಿಬೆಕ್‌ಗೆ ಕೇಳಿಸಿದ್ದು

ನಾರಿನ್ ಊರಿನ ನರ್ಸಿಂಗ್ ಶಾಲೆಯಲ್ಲಿ ಆ ವರ್ಷ ಹೆಸರು ಕೂಗುವುದು ನಿಂತಿತ್ತು. ಮೇಷ್ಟ್ರು ಮೇಜಿನ ಮೇಲಿನ ಫೋನನ್ನು ಒತ್ತಿದರೆ, ಅದು ಕಿವಿಗೆ ಸಿಗದಷ್ಟು ಕೀಚಲು ದನಿಯಲ್ಲಿ ಆ ದಿನದ ಗುರುತನ್ನು ಹೊರಡಿಸುತ್ತಿತ್ತು. ಕೋಣೆಯೊಳಗಿದ್ದ ಹುಡುಗಿಯರ ಫೋನುಗಳು ಅದನ್ನು ಅರೆ ನಿಮಿಷ ಹಿಡಿದ ಮೇಲೆ ಮಿನುಗಿ ಹಾಜರಿ ಹಾಕಿಕೊಳ್ಳುತ್ತಿದ್ದವು. ಆ ದನಿ ಮುಚ್ಚಿದ ಬಾಗಿಲನ್ನು ದಾಟುತ್ತಿರಲಿಲ್ಲ.

ಅವರಲ್ಲೊಬ್ಬಳಾದ ಬೂರುಲ್ ತನ್ನ ಹಸುಗೂಸನ್ನು ಎತ್ತಿಕೊಂಡೇ ತರಗತಿಗೆ ಬರುತ್ತಿದ್ದಳು. ಅತ್ತೆ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋದವಳು ಇನ್ನೂ ಇಳಿದಿರಲಿಲ್ಲ. ಗಂಡ ಲಾರಿ ಓಡಿಸುತ್ತ ದೂರದಲ್ಲಿದ್ದ. ಮಗು ಝಿಬೆಕ್ ಪಾಠದುದ್ದಕ್ಕೂ ತೆಪ್ಪಗಿರುತ್ತಿದ್ದಳು, ಹಾಜರಿಯ ಹೊತ್ತಿಗೆ ಮಾತ್ರ ಕಿಟಾರನೆ ಕಿರುಚುತ್ತಿದ್ದಳು. ಎಲ್ಲರೂ ಅಗಾಯ್ ಎನ್ನುತ್ತಿದ್ದ ಮೇಷ್ಟ್ರು ತೊಕ್ತೊಸುನ್ ಕೆಟ್ಟವರಲ್ಲ. ಆದರೂ ಒಂದು ದಿನ ಬೇಸತ್ತು, ಅಳು ನಿಲ್ಲುವ ತನಕ ಹೊರಗಿರು ಎಂದರು. ಹೊರಗೆ ಹೋದವಳ ಫೋನಿಗೆ ದನಿ ತಲುಪಲಿಲ್ಲ, ಗೈರುಹಾಜರಿ ಬಿತ್ತು. ದಿನವೂ ಹೀಗೇ ಆಗಿ, ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಚೇರಿ ಎಚ್ಚರಿಸಿತು. ಫೋನು ನನ್ನ ಹತ್ತಿರ ಬಿಟ್ಟು ಹೋಗೆಂದು ಗೆಳತಿ ಐನಾಶ್ ಗುಟ್ಟಾಗಿ ಹೇಳಿದಳು. ಕಳ್ಳ ಹಾಜರಿಗೆ ಬೂರುಲ್‌ಗೆ ಮನಸ್ಸು ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಹೊರಗೆ ಹೋಗಲು ಏಳುವುದು ತಡವಾದಾಗ, ಮಗು ಮೊದಲು ಚೀರಿ, ಆಮೇಲೆ ತನ್ನ ಫೋನು ಮಿನುಗಿದ್ದನ್ನು ಅವಳು ಗಮನಿಸಿದಳು. ಎದ್ದು ನಿಂತು ಹೇಳಿದಳು:

"ಅಗಾಯ್, ಇವಳಿಗೆ ಆ ಸದ್ದು ಕೇಳಿಸ್ತಾ ಇದೆ."

ಹುಡುಗಿಯರು ನಕ್ಕರು. "ನನಗೇ ಕೇಳ್ಸಲ್ಲವಲ್ಲಮ್ಮ," ಎಂದರು ಅಗಾಯ್.

"ನಿಮಗೆ ವಯಸ್ಸಾಯ್ತಲ್ಲ ಅಗಾಯ್," ಎಂದಳು ಐನಾಶ್. ಹಿಂದಿನ ಬೆಂಚಿನವಳೊಬ್ಬಳು ತನಗೂ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಏನೋ ಕೇಳಿಸುತ್ತದೆ ಎಂದಳು.

ಅಗಾಯ್ ಎಲ್ಲರಿಗೂ ಬೆನ್ನು ಹಾಕಿ ನಿಂತರು. ಫೋನನ್ನು ಒತ್ತದೆ ಒತ್ತಿದ ಹಾಗೆ ನಟಿಸಿದರು. ಝಿಬೆಕ್ ತಾಯಿಯ ಜಡೆ ಚೀಪುತ್ತ ಕೂತಿದ್ದಳು. ನಿಜವಾಗಿ ಒತ್ತಿದರು; ಮಗು ಮುಖ ಕಿವುಚಿ ಅಳತೊಡಗಿತು. ಮತ್ತೆ ಮಾಡಿದರೂ ಅದೇ. ಮುದುಕರ ಮುಖ ಸಪ್ಪಗಾಯಿತು. ಇಷ್ಟು ದಿನ ಕೂಸಿನ ಕಿವಿಗೆ ನಾನೇ ಸೂಜಿ ಚುಚ್ಚಿದೆನಲ್ಲ ಎಂದು ಗೊಣಗಿಕೊಂಡರು.

ಕಚೇರಿಗೆ ತಾವೇ ಹೋಗಿ ಹಳೆಯ ಗೈರುಹಾಜರಿಗಳನ್ನು ತೆಗೆಸಿಹಾಕಿದರು. ದನಿಯನ್ನು ಮಾತ್ರ ತೆಗೆಸಲಾಗಲಿಲ್ಲ. ಅದು ಮೇಲಿನವರ ನಿಯಮ.

ಮರುದಿನ ಮೇಜಿನ ಮೇಲಿನ ಫೋನನ್ನು ಒತ್ತಲು ಐನಾಶ್ ಕೈಗೆ ಕೊಟ್ಟು ಅವರು ಬೂರುಲ್ ಮುಂದೆ ತೋಳು ಚಾಚಿದರು.

"ಮಗೂನ ತಾ ಇಲ್ಲಿ. ನೀನು ಕೂತ್ಕೋ. ನಾವಿಬ್ಬರೂ ಹೊರಗೆ ಹೋಗಿ ಬರ್ತೀವಿ."

ಬಾಗಿಲು ಮುಚ್ಚಿತು. ಬೂರುಲ್ ಫೋನು ಸದ್ದಿಲ್ಲದೆ ಮಿನುಗಿತು. ಅವಳ ಕಿವಿಯೆಲ್ಲ ಮೊಗಸಾಲೆಯ ಕಡೆಗಿತ್ತು. ಅಲ್ಲಿ ಅಗಾಯ್ ಕುದುರೆಯ ಹಾಗೆ ನಾಲಿಗೆ ಲೊಟಗುಟ್ಟಿಸುತ್ತಿದ್ದರು, ಝಿಬೆಕ್ ಕೇಕೆ ಹಾಕುತ್ತಿದ್ದಳು.